ದೇವರಗುಡ್ಡದ ಒಂದು ಸಾಲು

ಆಯುಧಪೂಜೆಯ ಸಂಜೆ ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎಂದು ಗದರುತ್ತಾನೆ. ಜನಸ್ತೋಮ ಸ್ತಬ್ಧ. ಒಂದೇ ಸಾಲು ನುಡಿದು ಬೀಳುವ ಅವನನ್ನು ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಇದೇ ಮಾಲತೇಶ ಸ್ವಾಮಿಯ ಕಾರ್ಣಿಕ. ವಿಜಯನಗರ ಜಿಲ್ಲೆಯ ಮೈಲಾರದಲ್ಲಿ ಭರತ ಹುಣ್ಣಿಮೆ ಜಾತ್ರೆಯ ವೇಳೆ ನುಡಿಯುವ ಕಾರ್ಣಿಕವೂ ಇದೇ ಪರಂಪರೆಯದು.

ನುಡಿ ಒಗಟಿನಂಥದು. ಮಳೆ ಬಂದೀತೇ ಎಂಬುದನ್ನು ಬಿಡಿಸಿ ಹೇಳುವುದಿಲ್ಲ. ಅರ್ಥ ಹಚ್ಚುವುದು ಕೇಳಿದವರ ಪಾಲಿಗೆ. ಹಾವೇರಿಯ ರೈತ ಅದರಲ್ಲಿ ಮಳೆ-ಬೆಳೆ ಕಾಣುತ್ತಾನೆ, ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಧಾರಣೆಯನ್ನು, ರಾಜಕಾರಣಿ ಕುರ್ಚಿಯನ್ನು. (ಮರುದಿನದ ಪತ್ರಿಕೆಗಳಲ್ಲಿ ಹೆಚ್ಚು ಜಾಗ ಸಿಗುವುದು ಕುರ್ಚಿಗೇ!)

ಗ್ರೀಸಿನ ಡೆಲ್ಫಿಯ ದೇವವಾಣಿಯೂ ಹೀಗೆಯೇ. ಯುದ್ಧಕ್ಕೆ ಹೋದರೆ ದೊಡ್ಡ ಸಾಮ್ರಾಜ್ಯವೊಂದು ಅಳಿಯುತ್ತದೆಂಬ ಮಾತು ನಂಬಿ, ಕ್ರಿ.ಪೂ. 6ನೇ ಶತಮಾನದಲ್ಲಿ ಲಿಡಿಯಾದ ದೊರೆ ಕ್ರೀಸಸ್ ಪರ್ಷಿಯಾದ ಮೇಲೆ ಏರಿಹೋದ. ಅಳಿದದ್ದು ಅವನದೇ ರಾಜ್ಯ ಎಂದು ಹೆರೊಡೋಟಸ್ ಬರೆದಿದ್ದಾನೆ. ದೊರೆ ತನಗೆ ಬೇಕಾದ ಅರ್ಥವನ್ನೇ ಹಿಡಿದಿದ್ದ.

ಈ ಭಾಗದ ರೈತ ಅವನಿಗಿಂತ ಜಾಣ. ದೇವರ ಮಾತಿನ ಮೇಲೆ ಅವನಿಗೆ ಪೂರ್ಣ ನಂಬಿಕೆ. ತಾನು ಹಚ್ಚಿದ ಅರ್ಥದ ಮೇಲೆ ಅಷ್ಟಿಲ್ಲ. ಕಾರ್ಣಿಕದ ಹೊತ್ತಿಗೆ ಹಿಂಗಾರು ಬಿತ್ತನೆ ಎದುರಿಗಿರುತ್ತದೆ. ನುಡಿ ಅಶುಭವೆನಿಸಿದರೂ ಕೂರಿಗೆ ಹೂಡದೆ ವಿಧಿಯಿಲ್ಲ. ಬೆಳೆ ಕೆಟ್ಟರೆ ‘ನಮಗೇ ತಿಳಿಯಲಿಲ್ಲ’ ಎನ್ನುತ್ತಾನೆಯೇ ಹೊರತು ದೇವರು ಸುಳ್ಳಾಡಿದ ಎನ್ನುವುದಿಲ್ಲ. ಯಾವ ಫಲಕ್ಕೂ ಹೊಂದುವ ಮಾತನ್ನು ಪರೀಕ್ಷಿಸುವುದೆಂತು ಎಂಬುದು ವಿಚಾರವಾದಿಗಳ ಆಕ್ಷೇಪ. ಅದರಲ್ಲಿ ಹುರುಳಿಲ್ಲದಿಲ್ಲ. ಆದರೂ ಮುಂದಿನ ಆಯುಧಪೂಜೆಗೆ ಅದೇ ರೈತ ಹಣೆಗೆ ಭಂಡಾರ ಹಚ್ಚಿಕೊಂಡು, ಮಕ್ಕಳನ್ನೂ ಕರೆದುಕೊಂಡು ಗುಡ್ಡಕ್ಕೆ ಬರುತ್ತಾನೆ.