ಯಾರೂ ಪೇರಿಸದ ಕಲ್ಲುಗಳು

ಹೈದರಾಬಾದಿನ ಖಾಜಾಗುಡದ ಗುಡ್ಡ ಹತ್ತಿದವರೆಲ್ಲ ಮೊದಲು ಮಾಡುವುದು ಒಂದೇ ಕೆಲಸ: ಮೇಲೆ ಕುಳಿತ ಗುಂಡುಕಲ್ಲಿಗೆ ಹೆಗಲು ಕೊಟ್ಟು ನೂಕಿ ನೋಡುವುದು. ನಾನೂ ನೂಕಿದೆ. ಪಕ್ಕದಲ್ಲಿ ಫೋನು ಹಿಡಿದು ನಿಂತಿದ್ದ ಕಾಲೇಜು ಹುಡುಗನೊಬ್ಬ ‘ಅಂಕಲ್, ಜರಾ ಜೋರ್‌ಸೇ!’ ಎಂದು ಹುರಿದುಂಬಿಸಿದ. ಎರಡಾಳೆತ್ತರದ ಬಂಡೆ ಅದು. ಕೆಳಗಿನ ಬಂಡೆಗೆ ತಾಗಿರುವುದು ಗೇಣಗಲದ ಜಾಗದಲ್ಲಿ ಮಾತ್ರ. ಉಳಿದ ಸಂದಿನಲ್ಲಿ ಆಚೆಯ ಆಕಾಶ ಕಾಣುತ್ತದೆ, ಕೈ ತೂರಿಸಿದರೆ ಮೊಣಕೈವರೆಗೂ ಹೋಗುತ್ತದೆ. ಆದರೂ ಕಲ್ಲು ಕದಲಲಿಲ್ಲ. ಎಷ್ಟೋ ಮಳೆಗಾಲ ಕಂಡ ಕಲ್ಲು ನನ್ನ ಹೆಗಲಿಗೆ ಮಣಿಯುವುದು ಅಷ್ಟರಲ್ಲೇ ಇತ್ತು.

ಗುಂಡುಕಲ್ಲು ನಮಗೇನು ಹೊಸದಲ್ಲ. ಹಂಪಿ, ಆನೆಗೊಂದಿ, ರಾಯಚೂರುಗಳನ್ನು ನೋಡಿ ಬೆಳೆದವರಿಗೆ ಒಂದರ ಮೇಲೊಂದು ಕುಳಿತ ಬಂಡೆಗಳು ಬಸ್ಸಿನ ಕಿಟಕಿಯಾಚೆಯ ಮಾಮೂಲಿ ನೋಟ. ಬಾಲ್ಯದಲ್ಲಿ ಯಾರು ಇಟ್ಟರು ಎಂದು ಕೇಳಿದರೆ ಭೀಮನ ಹೆಸರೋ ವಾನರರ ಹೆಸರೋ ಬರುತ್ತಿತ್ತು, ಅಲ್ಲಿಗೆ ಮಾತು ಮುಗಿಯುತ್ತಿತ್ತು. ಖಾಜಾಗುಡದಲ್ಲಿ ನನ್ನ ಜೊತೆಗಿದ್ದವರು ಕಲಬುರಗಿ ಕಡೆಯ ಒಬ್ಬ ನಿವೃತ್ತ ಭೂವಿಜ್ಞಾನಿ. ‘ಇಷ್ಟು ದೊಡ್ಡದನ್ನ ಮೇಲೆ ಯಾರು ಪೇರಿಸಿದ್ರು ಸರ್?’ ಎಂದು ತಮಾಷೆಗೆ ಕೇಳಿದೆ. ಅವರು ನಗಲಿಲ್ಲ. ‘ಯಾರೂ ಪೇರಿಸಿಲ್ರಿ. ಇದ್ದಲ್ಲೇ ಅವ. ನಡುವಿಂದು ಹೋಗ್ಯಾದ, ಅಷ್ಟೇ’ ಎಂದರು.

ಆ ಮಾತು ಇನ್ನೂ ತಲೆಯಿಂದ ಇಳಿದಿಲ್ಲ. ಪೇರಿಸುವುದೆಂದರೆ ಇದ್ದದ್ದಕ್ಕೆ ಇನ್ನೊಂದನ್ನು ಸೇರಿಸುವುದೆಂದೇ ನಾವು ತಿಳಿದಿರುವುದು. ಇಲ್ಲಿ ಸೇರಿಸಿದ್ದು ಏನೂ ಇಲ್ಲ, ಕಳೆದದ್ದಷ್ಟೇ.

ಅವರು ವಿವರಿಸಿದ್ದು ಹೀಗೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ನೆಲದ ಆಳದಲ್ಲಿ ಕರಗಿದ ಶಿಲಾರಸ ನಿಧಾನವಾಗಿ ತಣಿದು ಗ್ರಾನೈಟ್ ಆಯಿತು. ಮೇಲಿದ್ದ ಕಿಲೋಮೀಟರುಗಟ್ಟಲೆ ಕಲ್ಲುಮಣ್ಣು ಕಾಲಕ್ರಮೇಣ ಸವೆದು ಹೋದಾಗ ಒತ್ತಡ ಇಳಿಯಿತು. ಗ್ರಾನೈಟಿನಲ್ಲಿ ನಿಂತ ಬಿರುಕು, ಮಲಗಿದ ಬಿರುಕು ಎರಡೂ ಮೂಡಿದವು. ಅಖಂಡ ಬಂಡೆ ನೆಲದೊಳಗೇ ದೊಡ್ಡ ದೊಡ್ಡ ಚೌಕಗಳಾಗಿ ಸೀಳಿತು. ಮಳೆನೀರು ಆ ಬಿರುಕುಗಳಲ್ಲಿ ಇಳಿದು ಕಲ್ಲಿನೊಳಗಿನ ಫೆಲ್ಡ್‌ಸ್ಪಾರನ್ನು ಜೇಡಿಯಾಗಿಸಿತು. ಚೌಕದ ಮೂಲೆಗೆ ನೀರು ಮೂರು ಕಡೆಯಿಂದ ತಾಗುತ್ತದೆ, ಅಂಚಿಗೆ ಎರಡು ಕಡೆಯಿಂದ, ಮುಖಕ್ಕೆ ಒಂದೇ ಕಡೆಯಿಂದ. ಹಾಗಾಗಿ ಮೂಲೆ ಮೊದಲು ಕರಗಿತು, ಚೌಕ ಗುಂಡಗಾಯಿತು. ಗುಂಡುಗಳ ನಡುವೆ ಉಳಿದದ್ದು ಗರಸು ಮಣ್ಣು. ಮುಂದೆ ಆ ಗರಸೂ ಮಳೆಗೆ ಕೊಚ್ಚಿಹೋದಾಗ ಗುಂಡುಗಳು ತಾವಿದ್ದ ಕ್ರಮದಲ್ಲೇ ಒಂದರ ಮೇಲೊಂದು ಇಳಿದು ಕುಳಿತವು. ಅಂದರೆ ಬಂಡೆ ಗುಂಡಗಾದದ್ದು ಬಿಸಿಲುಗಾಳಿಯಲ್ಲಿ ಉರುಳಿ ಅಲ್ಲ. ಬೆಳಕು ಕಾಣುವ ಮೊದಲೇ, ಮಣ್ಣಿನೊಳಗೇ ಅದು ದುಂಡಗಾಗಿತ್ತು.

ಇದೇ ಊರಿನ ಅಮೀರ್‌ಪೇಟೆಯಲ್ಲಿ ಸಾಫ್ಟ್‌ವೇರ್ ಕಲಿಯುವ ಹುಡುಗರಿಗೆ ಇದನ್ನು ಹೇಳಬೇಕು. ಅವರ ‘ಸ್ಟ್ಯಾಕ್’ ಎಂದರೂ ಪೇರಿಸಿದ್ದೇ. ಮೈತ್ರಿವನಂ ಸುತ್ತ ಕೋಚಿಂಗ್ ಸೆಂಟರುಗಳ ಬೋರ್ಡೂ ಗೋಡೆಯ ಮೇಲಿನ ಚೀಟಿಯೂ ಕೂಗಿ ಹೇಳುವುದು ‘ಫುಲ್ ಸ್ಟ್ಯಾಕ್’. ರಾಯಚೂರು, ಬೀದರ್, ಯಾದಗಿರಿಯಿಂದ ಬಂದ ನಮ್ಮ ಹುಡುಗರೂ ಪಿಜಿಯಲ್ಲಿದ್ದು ಅದನ್ನೇ ಕಲಿಯುತ್ತಾರೆ. ಪರದೆಯ ಮೇಲೆ ಕಾಣುವುದರಿಂದ ಹಿಡಿದು ತಳದ ಡೇಟಾಬೇಸಿನವರೆಗೆ ಎಲ್ಲ ಪದರ ಬಲ್ಲವನು ಫುಲ್ ಸ್ಟ್ಯಾಕ್ ಡೆವಲಪರ್. ಕಂಪ್ಯೂಟರಿನಲ್ಲಿ ಇನ್ನೊಂದು ಸ್ಟ್ಯಾಕೂ ಇದೆ. ಕೊನೆಗೆ ಇಟ್ಟದ್ದು ಮೊದಲು ಹೊರಬರಬೇಕು ಎಂಬುದು ಅದರ ನಿಯಮ. 1957ರಲ್ಲಿ ಜರ್ಮನಿಯ ಕಂಪ್ಯೂಟರ್ ವಿಜ್ಞಾನಿಗಳಾದ ಬಾವರ್ ಮತ್ತು ಸಾಮೆಲ್ಸನ್ ಅದಕ್ಕೆ ಪೇಟೆಂಟ್ ಅರ್ಜಿ ಹಾಕಿದ್ದರು. ಅಡುಗೆಮನೆಯ ತಟ್ಟೆಗಳದ್ದೂ ಅದೇ ನಿಯಮ: ತೊಳೆದು ಮೇಲಿಟ್ಟ ನಾಲ್ಕೇ ತಟ್ಟೆ ದಿನವೂ ಊಟಕ್ಕೆ ಬರುತ್ತವೆ, ತಳದವು ನೆಂಟರು ಬರುವವರೆಗೆ ಬೆಳಕು ಕಾಣುವುದಿಲ್ಲ. ಖಾಜಾಗುಡದ ಗುಂಡುಗಳಿಗೆ ಮಾತ್ರ ಈ ಲೆಕ್ಕ ಹತ್ತುವುದಿಲ್ಲ. ಅಲ್ಲಿ ಮೇಲಿನದಕ್ಕೂ ಕೆಳಗಿನದಕ್ಕೂ ಒಂದೇ ವಯಸ್ಸು. ಮೊದಲು ಇಟ್ಟದ್ದು, ಕೊನೆಗೆ ಇಟ್ಟದ್ದು ಎಂಬುದೇ ಇಲ್ಲ.

ಅದೇ ಗುಡ್ಡದಲ್ಲಿ ಮನುಷ್ಯರು ಪೇರಿಸಿದ ಕಲ್ಲುಗಳನ್ನೂ ಕಂಡೆ. ಇಲ್ಲಿ ಅನಂತಪದ್ಮನಾಭ ಸ್ವಾಮಿಯ ಗುಡಿಯಿದೆ, ಬಹಮನಿ ಕಾಲದ ಸೂಫಿ ಎಂದು ಹೇಳಲಾಗುವ ಬಾಬಾ ಫಕ್ರುದ್ದೀನ್ ಔಲಿಯಾರ ದರ್ಗಾ ಇದೆ. ದಾರಿಯ ಬದಿಯ ಬಂಡೆಯೊಂದರ ನೆತ್ತಿಯಲ್ಲಿ ಅಂಗೈ ಅಗಲದ ಕಲ್ಲು, ಅದರ ಮೇಲೆ ಅದಕ್ಕಿಂತ ಸಣ್ಣದು, ಅದರ ಮೇಲೆ ಇನ್ನೂ ಸಣ್ಣದು. ಹಂಪಿಯ ಮಾಲ್ಯವಂತದಲ್ಲೂ ತಿರುಮಲೆಯ ಶ್ರೀವಾರಿ ಪಾದಾಲು ಹತ್ತಿರವೂ ನಾನು ನೋಡಿದ್ದು ಇದನ್ನೇ. ಸ್ವಂತ ಮನೆಯಾಗಲಿ ಎಂದು ಬೇಡಿಕೊಂಡು ಕಟ್ಟುವ ಹರಕೆಯ ಮನೆ. ಎಷ್ಟು ಅಂತಸ್ತಿನ ಮನೆ ಬೇಕೋ ಅಷ್ಟು ಕಲ್ಲು ಎನ್ನುವವರಿದ್ದಾರೆ. ಇಟ್ಟು ತಿರುಗಿ ನೋಡಬಾರದು ಎನ್ನುವವರೂ ಇದ್ದಾರೆ.

ಈ ಹರಕೆಯ ಮನೆಗಳ ಹಿಂದೆ ಬಿದ್ದು ಅವತ್ತಿನ ಬೆಳಗನ್ನೆಲ್ಲ ಕಳೆದೆ ಎಂದು ಜೊತೆಗಿದ್ದವರು ಗೊಣಗಿದ್ದು ನಿಜ. ಆದರೆ ಅವುಗಳಲ್ಲಿ ನೋಡಲು ಎಷ್ಟೊಂದಿದೆ! ಕೆಲವರು ಚಪ್ಪಟೆ ಚೂರುಗಳನ್ನೇ ಆರಿಸುತ್ತಾರೆ. ಅವರ ಮನೆ ಎತ್ತರಕ್ಕೆ ಹೋಗುತ್ತದೆ. ಕೆಲವರು ಮೂರು ಕಲ್ಲು ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸುತ್ತಾರೆ. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಗುಡ್ಡದಲ್ಲಿ ಬೃಹತ್ ಶಿಲಾಯುಗದ ಜನ ತಮ್ಮ ಸತ್ತವರಿಗಾಗಿ ಚಪ್ಪಡಿಗಳಿಂದ ಕಟ್ಟಿದ ನೂರಾರು ಕಲ್ಮನೆಗಳ ಚಿಕ್ಕ ನಕಲಿನ ಹಾಗೆ ಅವು ಕಾಣುತ್ತವೆ. ಒಬ್ಬರು ಬಾಲ್ಕನಿಯನ್ನೂ ಬಿಟ್ಟಿದ್ದರು. ಇನ್ನೊಬ್ಬರು ಪಕ್ಕದವರ ಮನೆಯ ಕಲ್ಲನ್ನೇ ಕಿತ್ತು ತಮ್ಮದಕ್ಕೆ ಏರಿಸಿಕೊಂಡಂತಿತ್ತು. ಇದೂ ನಗರದ ರೂಢಿಯೇ ಅಲ್ಲವೇ? ಹೀಗೆ ಕಲ್ಲು ಪೇರಿಸಬೇಡಿ, ಅದರ ಕೆಳಗೆ ಬದುಕುವ ಹುಳಹುಪ್ಪಟೆಗಳಿಗೆ ತೊಂದರೆ, ಮಣ್ಣೂ ಸಡಿಲವಾಗುತ್ತದೆ ಎಂದು ಅಮೆರಿಕದ ರಾಷ್ಟ್ರೀಯ ಉದ್ಯಾನಗಳವರು ಪ್ರವಾಸಿಗರನ್ನು ಕೇಳಿಕೊಳ್ಳುತ್ತಾರೆ. ಮಾತು ಸರಿ. ಆದರೂ ಬಾಡಿಗೆ ಮನೆಯಲ್ಲಿ ಆಯಸ್ಸು ಕಳೆದವರು ಇಟ್ಟ ನಾಲ್ಕು ಕಲ್ಲನ್ನು ಬೀಳಿಸಲು ನನಗಂತೂ ಕೈ ಬರುವುದಿಲ್ಲ.

ಹರಕೆ ಕೇಳಿದ ದೇವರು ಉದಾರಿ ಎಂಬುದು ಗುಡ್ಡದ ತುದಿಯಲ್ಲಿ ಗೊತ್ತಾಗುತ್ತದೆ. ಎದುರಿಗೆ ನಾನಕ್‌ರಾಮ್‌ಗುಡ, ಗಚ್ಚಿಬೌಲಿಗಳ ಗೋಪುರಗಳು, ಅಂತಸ್ತಿನ ಮೇಲೆ ಅಂತಸ್ತು. ಅವೆಲ್ಲ ಎದ್ದಿರುವುದು ಇದೇ ಗುಂಡುಗಳ ಸೀಮೆಯಲ್ಲಿ.

ಕಲ್ಲು ಒಡೆಯುವುದು ಇಲ್ಲಿ ಹೊಸದಲ್ಲ. ಗೋಲ್ಕೊಂಡದ ಕೋಟೆ ಇದೇ ಗ್ರಾನೈಟಿನದು, 1591ರ ಚಾರ್‌ಮಿನಾರೂ ಅಷ್ಟೇ. ನಿಜಾಮರ ಸೀಮೆಗೆ ಸೇರಿದ್ದ ನಮ್ಮ ರಾಯಚೂರು ಕೋಟೆಯಲ್ಲಿ 1294ರ ಶಾಸನವಿರುವ, 41 ಅಡಿ ಉದ್ದದ ಚಪ್ಪಡಿಯೊಂದು ಗೋಡೆಯಲ್ಲಿ ಕುಳಿತಿದೆ. ಅದನ್ನು ಬಂಡಿಯ ಮೇಲೆ ಎಳೆದು ತಂದ ಚಿತ್ರವನ್ನೂ ಅಲ್ಲೇ ಕೆತ್ತಿದ್ದಾರೆ. ಆದರೆ ಬೆಣೆ ಹೊಡೆದು ಸೀಳುವವನಿಗೆ ದಿನಕ್ಕೆ ಇಷ್ಟೇ ಎಂಬ ಮಿತಿಯಿತ್ತು. ಸ್ಫೋಟಕಕ್ಕೆ, ಯಂತ್ರಕ್ಕೆ ಆ ಮಿತಿಯಿಲ್ಲ.

ಒಡೆಯದೆ ಕಟ್ಟಿದವರೂ ಇದ್ದರು. ಬಂಜಾರಾ ಹಿಲ್ಸ್‌ಗೆ ಮೊದಲಿಗರಾಗಿ ಬಂದ ಮೆಹ್ದಿ ನವಾಜ್ ಜಂಗ್ ಬಂಡೆಗಳನ್ನೇ ಗೋಡೆಯಾಗಿ ಬಳಸಿ ಮನೆ ಮಾಡಿಕೊಂಡರು. ಹೈದರಾಬಾದಿನ ಚರಿತ್ರೆ ಬರೆದ ಐಎಎಸ್ ಅಧಿಕಾರಿ ನರೇಂದ್ರ ಲೂಥರ್ ಅವರ ಮನೆಯ ಒಳಗೇ ಒಂದು ಬಂಡೆಯಿತ್ತು. 1996ರಲ್ಲಿ ಹುಟ್ಟಿದ ‘ಸೊಸೈಟಿ ಟು ಸೇವ್ ರಾಕ್ಸ್’ ಸಂಸ್ಥೆಯ ನೇತೃತ್ವ ವಹಿಸಿದವರಲ್ಲಿ ಅವರೂ ಒಬ್ಬರು. ಸಂಸ್ಥೆಯ ಒತ್ತಾಯದಿಂದ ನಗರದ ಪರಂಪರೆ ಪಟ್ಟಿಗೆ ಮೊದಲು ಒಂಬತ್ತು ಶಿಲಾರಚನೆಗಳು ಸೇರಿದವು. ಬೇರ್ಸ್ ನೋಸ್, ಮಾನ್‌ಸ್ಟರ್ ರಾಕ್, ಟೋಡ್‌ಸ್ಟೂಲ್, ಸೆಂಟಿನೆಲ್, ಮಶ್ರೂಮ್ ಮುಂತಾದವು. ಹೆಸರುಗಳೆಲ್ಲ ಕಾನ್ವೆಂಟಿನಲ್ಲಿ ಓದಿದಂತಿವೆ ಎಂದು ನನಗೆ ಸಣ್ಣ ಮುನಿಸು. ಆದರೆ ಆ ಹೆಸರುಗಳೇ ಅವುಗಳನ್ನು ಕಾದವು ಎಂಬುದನ್ನೂ ಒಪ್ಪಬೇಕು: ಹೆಸರಿಲ್ಲದ ಕಲ್ಲಿನ ಪರವಾಗಿ ಅರ್ಜಿ ಬರೆಯುವುದು ಹೇಗೆ? ಪಟ್ಟಿಗೆ ಬಲ ಕೊಟ್ಟಿದ್ದ ಹಳೆಯ ನಿಯಮವನ್ನು 2015ರಲ್ಲಿ ಸರ್ಕಾರ ಕೈಬಿಟ್ಟಿತು. 2025ರ ಮಾರ್ಚ್ ಕೊನೆಯಲ್ಲಿ ಹೈದರಾಬಾದ್ ವಿಶ್ವವಿದ್ಯಾಲಯದ ಪಕ್ಕದ ಕಂಚ ಗಚ್ಚಿಬೌಲಿಯ 400 ಎಕರೆಯಲ್ಲಿ ಬುಲ್ಡೋಜರುಗಳು ಇಳಿದವು, ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ತಡೆಯಿತು. ಜಿಂಕೆ, ನವಿಲು, ಮರಗಳ ಫೋಟೊ ಎಲ್ಲ ಕಡೆ ಹರಿದಾಡಿತು. ಅಲ್ಲಿನ ಮಶ್ರೂಮ್ ರಾಕಿನ ಮಾತು ಬಂದದ್ದು ಸುದ್ದಿಗಳ ಕೊನೆಯ ಪ್ಯಾರಾದಲ್ಲಿ. ಮರ ಕಡಿದರೆ ಇನ್ನೊಂದು ನೆಡುತ್ತೇವೆಂದು ಹೇಳಲಾದರೂ ಬರುತ್ತದೆ, ಕಲ್ಲಿನ ವಿಷಯದಲ್ಲಿ ಆ ಸುಳ್ಳಿಗೂ ದಾರಿಯಿಲ್ಲ.

ಇಳಿದು ಬರುವಾಗ ಭೂವಿಜ್ಞಾನಿ ನನ್ನನ್ನು ಅಡಿಪಾಯಕ್ಕೆ ತೋಡಿದ ದೊಡ್ಡ ಗುಂಡಿಯೊಂದರ ಅಂಚಿಗೆ ಕರೆದೊಯ್ದರು. ತಗಡಿನ ಬೇಲಿಯ ಸಂದಿನಿಂದ ನೋಡಿದರೆ ಕತ್ತರಿಸಿದ ಗೋಡೆಯಲ್ಲಿ ಕೆಂಪು ಗರಸು, ಗರಸಿನ ನಡುವೆ ಅಲ್ಲಲ್ಲಿ ದುಂಡು ಬಂಡೆಗಳು. ‘ಇವು ಇನ್ನೂ ಹೊರಗ ಬರೋವು ಇದ್ವು’ ಎಂದರು. ಖಾಜಾಗುಡದ ಮೇಲೆ ನಾನು ನೂಕಿದಂಥದೇ ಕಲ್ಲುಗಳು, ಇನ್ನೂ ಮಣ್ಣಿನ ಹೊದಿಕೆಯೊಳಗೆ. ಮಳೆ ತನ್ನ ಕೆಲಸ ಮುಂದುವರಿಸಿದ್ದರೆ ಸಾವಿರಾರು ತಲೆಮಾರುಗಳಾಚೆ ಅಲ್ಲೊಂದು ಗುಡ್ಡ ಮೇಲೇಳುತ್ತಿತ್ತು. ಅಂದರೆ ಪಟ್ಟಿಯಲ್ಲಿರುವ ಬಂಡೆಗಳನ್ನು ಉಳಿಸಿದರೂ ನಾವು ಕಾಯುತ್ತಿರುವುದು ಈಗ ಕಾಣುವ ಗುಡ್ಡಗಳನ್ನಷ್ಟೇ. ಹುಟ್ಟಲಿರುವ ಗುಡ್ಡಕ್ಕೆ ಯಾವ ಪಟ್ಟಿಯೂ ಇಲ್ಲ.

ಎಲ್ಲರೂ ಮನೆ ಬಿಟ್ಟು ಗುಡ್ಡ ಕಾಯಲಿ ಎಂದು ನಾನು ಹೇಳುತ್ತಿಲ್ಲ. ಮನೆ ಬೇಕೇ ಬೇಕು. ಹರಕೆಯ ಕಲ್ಲುಗಳೇ ಅದಕ್ಕೆ ಸಾಕ್ಷಿ. ಆದರೆ ಬಿಲ್ಡರನ ನಕ್ಷೆಯಲ್ಲಿ ಈಜುಕೊಳ, ಜಿಮ್ಮು, ಕ್ಲಬ್‌ಹೌಸುಗಳಿಗೆ ಗುರುತು ಹಾಕುವಾಗ ನಿವೇಶನದಲ್ಲಿ ಮೊದಲೇ ಇದ್ದ ಬಂಡೆಗೂ ಒಂದು ಗುರುತು ಇರಲಿ ಎಂದು ಕೇಳುವುದು ಅತಿಯಾಸೆಯಲ್ಲ. ಮೆಹ್ದಿ ನವಾಜ್ ಜಂಗ್ ಅದರೊಳಗೇ ಸಂಸಾರ ಮಾಡಿದ್ದರು. ಫ್ಲ್ಯಾಟ್ ನೋಡಲು ಹೋದವರು ವಾಸ್ತು, ಮಂಜೀರಾ ನದಿಯ ನೀರು, ಕಾರ್ ಪಾರ್ಕಿಂಗ್ ಎಲ್ಲ ಕೇಳಿಯಾದ ಮೇಲೆ ‘ಇಲ್ಲಿ ಮೊದಲು ಯಾವ ಗುಡ್ಡ ಇತ್ತು?’ ಎಂದು ಕೇಳಿ ನೋಡಿ. ಸೇಲ್ಸ್ ಹುಡುಗ ತಬ್ಬಿಬ್ಬಾಗುತ್ತಾನೆ. ಹತ್ತು ಜನ ಕೇಳಿದರೆ ಹನ್ನೊಂದನೆಯವರಿಗೆ ಉತ್ತರ ಸಿದ್ಧವಿಟ್ಟುಕೊಳ್ಳುತ್ತಾನೆ. ಇಪ್ಪತ್ತು ಜನ ಕೇಳಿದರೆ ಬ್ರೋಷರಿನಲ್ಲೇ ಒಂದು ಬಂಡೆ ಬರುತ್ತದೆ, ಚದರಡಿಗೆ ದರವೂ ಏರುತ್ತದೆ. ಏರಲಿ ಬಿಡಿ, ಕಲ್ಲು ಉಳಿದರೆ ಸಾಕು.