ಮಲೆನಾಡಿನ ಸಭೆ: ಸೇವೆಗೆ ಹೊರಟವರು ಅರಿಯಬೇಕಾದ್ದು

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಸಭಾಪಾಲಕರಾಗಿ ದುಡಿಯಬೇಕೆಂದು ಬಯಸುವ ಯುವಕ ಯುವತಿಯರು ಮೊದಲು ತಿಳಿಯಬೇಕಾದದ್ದು ಇಲ್ಲಿನ ಸಭೆಯ ಗಾತ್ರ. ಪ್ರಾಟೆಸ್ಟೆಂಟ್ ಕ್ರೈಸ್ತರು ಈ ಸೀಮೆಯಲ್ಲಿ ಕಡಿಮೆ. ಇರುವ ಮನೆಗಳೂ ತೋಟ, ಕಾಡು, ಹಿನ್ನೀರಿನ ನಡುವೆ ಚೆದುರಿವೆ. ಕಥೋಲಿಕರ ನೆಲೆ ಇದಕ್ಕಿಂತ ದೊಡ್ಡದು. 1988ರಿಂದ ಶಿವಮೊಗ್ಗವೇ ಅವರ ಧರ್ಮಪ್ರಾಂತ್ಯದ ಕೇಂದ್ರ. ಬೆಂಗಳೂರಿನ ಸೇಂಟ್ ಮಾರ್ಕ್ಸ್ ಕೆಥೀಡ್ರಲ್‌ನಂಥ ಕಟ್ಟಡ, ತುಂಬಿದ ಬೆಂಚುಗಳು, ನುರಿತ ಗಾಯಕವೃಂದ ಇಲ್ಲಿ ಸಿಗುವುದಿಲ್ಲ. ಸಿಗುವುದು ಹೆಸರು ಹಿಡಿದು ಕರೆಯಬಹುದಾದಷ್ಟು ಜನ. ತರಬೇತಿಗೆ ಇದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ.

ದಕ್ಷಿಣ ಭಾರತ ಸಭೆ, ಅಂದರೆ ಜನ ಸಿಎಸ್‌ಐ ಎಂದು ಕರೆಯುವ ಸಭೆ, 1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ಕೆಥೀಡ್ರಲ್‌ನಲ್ಲಿ ರೂಪುಗೊಂಡಿತು. ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಪರಂಪರೆಗಳು ಆ ದಿನ ಕೂಡಿದವು. ಬಿಷಪರನ್ನು ಒಪ್ಪುವ ಸಭೆಗಳೂ ಬಿಷಪರಿಲ್ಲದೆ ನಡೆದುಬಂದ ಸಭೆಗಳೂ ಹೀಗೆ ಒಂದಾದದ್ದು ಜಗತ್ತಿನಲ್ಲಿ ಅದೇ ಮೊದಲು. ಆಂಗ್ಲಿಕನ್ನರಿಂದ ಬಿಷಪ್, ಪ್ರೆಸ್ಬಿಟರ್, ಡೀಕನ್ ಎಂಬ ಮೂರು ಹಂತದ ಸೇವಾಕ್ರಮ ಬಂತು. ಉಳಿದವರಿಂದ ಸಭಿಕರೇ ಸಮಿತಿ ಕಟ್ಟಿ ಆಡಳಿತ ನಡೆಸುವ ಪದ್ಧತಿ ಬಂತು.

ಇವ್ಯಾಂಜಲಿಕಲ್ ಪ್ರವೃತ್ತಿ ಎಂದರೆ ಸತ್ಯವೇದವೇ ಪ್ರಮಾಣ, ಕ್ರಿಸ್ತನ ಶಿಲುಬೆಯೇ ಕೇಂದ್ರ, ಮನಪರಿವರ್ತನೆ ಪ್ರತಿಯೊಬ್ಬರದೂ ಸ್ವಂತದ್ದು, ನಂಬಿದ್ದನ್ನು ಬಾಳಿನಲ್ಲಿ ತೋರಬೇಕು ಎಂಬ ನಿಲುವು. ಇಂಗ್ಲೆಂಡಿನ ಆಂಗ್ಲಿಕನ್ ಸಭೆಯಲ್ಲಿ 18ನೇ ಶತಮಾನದಲ್ಲಿ ಬಲ ಪಡೆದ ಈ ಧಾರೆ ಕನ್ನಡನಾಡಿಗೆ ನೇರವಾಗಿ ಬಂದದ್ದು ಕಡಿಮೆ. ಇಲ್ಲಿನ ಆಂಗ್ಲಿಕನ್ ಗುಡಿಗಳು ಹೆಚ್ಚಾಗಿ ದಂಡು ಪ್ರದೇಶದ ಬಿಳಿಯರಿಗೆಂದು ಕಟ್ಟಿದವು. ಹಳ್ಳಿಗೆ ನಡೆದು ಬಂದವರು ಬೇರೆ. ಘಟ್ಟದ ಕೆಳಗೆ 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್, ಬಳ್ಳಾರಿ ಮತ್ತು ಬೆಂಗಳೂರಿನಲ್ಲಿ ಲಂಡನ್ ಮಿಷನ್, ಶಿವಮೊಗ್ಗವೂ ಸೇರಿದಂತೆ ಹಳೆಯ ಮೈಸೂರು ಸಂಸ್ಥಾನದಲ್ಲಿ ವೆಸ್ಲಿಯನ್ ಮಿಷನ್. ವೆಸ್ಲಿಯನ್ನರ ಮೂಲಪುರುಷ ಜಾನ್ ವೆಸ್ಲಿ ಕೊನೆಯವರೆಗೂ ಆಂಗ್ಲಿಕನ್ ಪಾದ್ರಿಯಾಗಿಯೇ ಉಳಿದವರು. ಆದ್ದರಿಂದ ಮಲೆನಾಡಿನ ಸಭೆಯ ನಾಡಿಮಿಡಿತ ವೆಸ್ಲಿಯನ್ನರದು, ಇಂದಿನ ಮನೆತನ ಸಿಎಸ್‌ಐ.

ಸಭೆಯ ಚರಿತ್ರೆಗಿಂತ ಹಳೆಯದು ನೆಲದ ಚರಿತ್ರೆ. ಕೆಳದಿ ಅರಸರ ರಾಜಧಾನಿಗಳಾದ ಕೆಳದಿ ಮತ್ತು ಇಕ್ಕೇರಿ ಸಾಗರ ತಾಲ್ಲೂಕಿನಲ್ಲಿವೆ. ಬಿದನೂರು, ಅಂದರೆ ಇಂದಿನ ನಗರ, ಹೊಸನಗರ ತಾಲ್ಲೂಕಿನಲ್ಲಿದೆ. ಕವಲೇದುರ್ಗದ ಕೋಟೆ ತೀರ್ಥಹಳ್ಳಿಯದು. ವೀರಶೈವರಾದ ಈ ಅರಸರು ಕರಾವಳಿಯ ಕ್ರೈಸ್ತರಿಗೂ ಒಡೆಯರಾಗಿದ್ದರು. 17ನೇ ಶತಮಾನದಲ್ಲಿ ಕೆಳದಿ ಚೆನ್ನಮ್ಮನ ಆಳ್ವಿಕೆಯಲ್ಲಿ ಪೋರ್ಚುಗೀಸರೊಂದಿಗೆ ಆದ ಒಪ್ಪಂದದಿಂದ ಮಿರ್ಜಾನ್, ಹೊನ್ನಾವರ, ಚಂದಾವರ, ಕಲ್ಯಾಣಪುರಗಳಲ್ಲಿ ಇಗರ್ಜಿ ಕಟ್ಟಲು ಅನುಮತಿ ದೊರೆಯಿತು. ಅದಕ್ಕೂ ಮುಂಚೆ, 1623ರಲ್ಲಿ, ಇಟಲಿಯ ಪಿಯೆತ್ರೊ ದೆಲ್ಲಾ ವಾಲೆ ಎಂಬ ಪ್ರವಾಸಿ ಪೋರ್ಚುಗೀಸ್ ರಾಯಭಾರಿಯ ಜೊತೆ ಘಟ್ಟ ಹತ್ತಿ ಇಕ್ಕೇರಿಗೆ ಬಂದು ವೆಂಕಟಪ್ಪ ನಾಯಕನ ಆಸ್ಥಾನ ಕಂಡ. ಆ ಪ್ರಯಾಣದಲ್ಲಿ ಹುಡುಗರು ಮರಳಿನ ಮೇಲೆ ಬೆರಳಾಡಿಸುತ್ತ, ರಾಗವಾಗಿ ಹೇಳಿಕೊಳ್ಳುತ್ತ ಲೆಕ್ಕ ಕಲಿಯುವುದನ್ನು ನೋಡಿ ಬೆರಗಾಗಿ ಬರೆದಿಟ್ಟ. ಪಾಠವನ್ನು ಹಾಡಿ ಕಲಿಯುವ ಈ ರೂಢಿ ಸಂಡೇ ಸ್ಕೂಲ್ ನಡೆಸುವವರಿಗೆ ಇಂದಿಗೂ ಉಪಯೋಗಕ್ಕೆ ಬರುತ್ತದೆ.

ಈ ನೆಲವನ್ನು ಓದಲು ಒಂದು ದೊಡ್ಡ ಪುಸ್ತಕವೇ ಇದೆ. ಸೇವೆಗೆ ಬರುವವರು ಅದನ್ನು ಕೈಯಲ್ಲಿ ಹಿಡಿದು ನೋಡಲೇಬೇಕು. ಎಪಿಗ್ರಾಫಿಯಾ ಕರ್ನಾಟಿಕಾದ 8ನೇ ಸಂಪುಟ 1904ರಲ್ಲಿ ಹೊರಬಂತು. ಸೊರಬದ ಜೊತೆಗೆ ಸಾಗರ, ನಗರ, ತೀರ್ಥಹಳ್ಳಿ ತಾಲ್ಲೂಕುಗಳ ಶಾಸನಗಳೆಲ್ಲ ಅದರಲ್ಲಿವೆ. ನಗರ ತಾಲ್ಲೂಕೆಂದರೆ ಇಂದಿನ ಹೊಸನಗರ. ಅದನ್ನು ಸಂಪಾದಿಸಿದ ಬಿ.ಎಲ್. ರೈಸ್ ಒಬ್ಬ ಸಭಾಪಾಲಕರ ಮಗ. ತಂದೆ ಬೆಂಜಮಿನ್ ರೈಸ್ ಲಂಡನ್ ಮಿಷನ್ನಿನವರು. ಕನ್ನಡ ಸತ್ಯವೇದದ ಪರಿಷ್ಕರಣೆಯಲ್ಲಿ ಕೈ ಜೋಡಿಸಿದವರು. ಬೆಂಗಳೂರಿನ ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ದೇವಾಲಯಕ್ಕೆ ಅವರದೇ ಹೆಸರು. 1837ರಲ್ಲಿ ಹುಟ್ಟಿದ ಮಗ ಕನ್ನಡ ಕೇಳುತ್ತಲೇ ಬೆಳೆದು, ಮೈಸೂರು ಸರ್ಕಾರದ ಶಿಕ್ಷಣ ಇಲಾಖೆಯಲ್ಲಿ ದುಡಿದು, ಪುರಾತತ್ವ ಇಲಾಖೆಯ ಹೊಣೆ ಹೊತ್ತರು. 1886ರಲ್ಲಿ ಕೊಡಗಿನ ಶಾಸನಗಳಿಂದ ಆರಂಭವಾದ ಅವರ ಸಂಪುಟಗಳು ಹನ್ನೆರಡಕ್ಕೆ ಬಂದು ನಿಂತಾಗ ಸುಮಾರು 9,000 ಶಾಸನಗಳು ಅಚ್ಚಾಗಿದ್ದವು.

ಈ ಸಂಪುಟ ತೆರೆದರೆ ಹುಂಚದ ಜೈನ ಶಾಸನಗಳು ಕಾಣುತ್ತವೆ. 1077ರಲ್ಲಿ ಚಟ್ಟಲದೇವಿ ಅಲ್ಲಿ ಪಂಚಕೂಟ ಬಸದಿ ಕಟ್ಟಿಸಿದಳು. ಒಬ್ಬ ಹೆಣ್ಣುಮಗಳ ಧರ್ಮಕಾರ್ಯಕ್ಕೆ ಕಲ್ಲಿನಲ್ಲಿ ಸಿಕ್ಕ ಗೌರವ ಅದು. ಮುಂದೆ ದೇವಸ್ಥಾನಗಳ ದತ್ತಿ, ವೀರಗಲ್ಲು, ಮಾಸ್ತಿಗಲ್ಲು, ಕೆಳದಿ ಅರಸರ ದಾನಗಳು. ಪಾದ್ರಿಯ ಮಗನೊಬ್ಬ ತನ್ನದಲ್ಲದ ಧರ್ಮಗಳ ದಾನಪತ್ರಗಳನ್ನು ಅಕ್ಷರ ಬಿಡದೆ ಓದಿ, ಲಿಪ್ಯಂತರಿಸಿ, ಅಚ್ಚು ಹಾಕಿಸಿದರು. ಪಂಪಭಾರತ, ಕವಿರಾಜಮಾರ್ಗಗಳು 1898ರಲ್ಲಿ ಅಚ್ಚಿನಲ್ಲಿ ಬಂದದ್ದೂ ಅವರ ಸಂಪಾದನೆಯಿಂದ. ತನ್ನ ನಂಬಿಕೆಯನ್ನು ಗಟ್ಟಿಯಾಗಿ ಹಿಡಿದ ಮನೆಯಿಂದಲೇ ನೆರೆಯವರ ನಂಬಿಕೆಯ ದಾಖಲೆಯನ್ನು ಇಷ್ಟು ನಿಷ್ಠೆಯಿಂದ ಕಾಪಾಡಿದವರು ಬಂದರು. ಈ ಸೀಮೆಗೆ ಕಾಲಿಡುವ ಸೇವಕರಿಗೆ ಇದಕ್ಕಿಂತ ದೊಡ್ಡ ಮೇಲ್ಪಂಕ್ತಿ ಬೇಕಿಲ್ಲ.

ಎರಡನೆಯ ಪಠ್ಯ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’. 1967ರಲ್ಲಿ ಪ್ರಕಟವಾದ ಈ ಕಾದಂಬರಿಯ ಕಾಲ 19ನೇ ಶತಮಾನದ ಕೊನೆ. ನೆಲ ತೀರ್ಥಹಳ್ಳಿ, ಮೇಗರವಳ್ಳಿ, ಆಗುಂಬೆಯ ಸುತ್ತು. ಅದರಲ್ಲಿ ಒಬ್ಬ ಬಿಳಿಯ ಪಾದ್ರಿ ಇದ್ದಾರೆ, ಜೀವರತ್ನಯ್ಯ ಎಂಬ ದೇಶೀಯ ಪಾದ್ರಿ ಇದ್ದಾರೆ, ಅವರತ್ತ ಸೆಳೆತಗೊಂಡ ಬೆಟ್ಟಳ್ಳಿಯ ದೇವಯ್ಯಗೌಡ ಇದ್ದಾನೆ. ಮಲೆನಾಡಿನ ಕಾಲುದಾರಿಗೆ ಬಂದ ಬೈಸಿಕಲ್ ಜನರನ್ನು ಬೆರಗುಗೊಳಿಸುವ ಪ್ರಸಂಗವನ್ನು ಓದಿದವರು ಮರೆಯುವುದಿಲ್ಲ. ಮಿಷನ್ ಎಂದರೆ ಈ ಊರುಗಳ ಕಣ್ಣಿಗೆ ಮೊದಲು ಕಂಡದ್ದು ಸ್ಕೂಲು, ಔಷಧಿ, ಹೊಸ ಉಡುಪು, ಚಕ್ರದ ಗಾಡಿ. ಅದರ ಬೆನ್ನಿಗೇ ಮನೆ ಒಡೆಯುವ ಭಯವೂ ಬಂತು. ಎರಡನ್ನೂ ಕುವೆಂಪು ಒಳಗಿನಿಂದ ಬರೆದಿದ್ದಾರೆ. ಅವರು ಸ್ವತಃ ಮೈಸೂರಿನ ವೆಸ್ಲಿಯನ್ ಮಿಷನ್ ಹೈಸ್ಕೂಲಿನಲ್ಲಿ ಓದಿದವರು. ಮಿಷನ್ನಿನ ಉಪಕಾರವನ್ನೂ ಅದು ಹುಟ್ಟಿಸುವ ಕಳವಳವನ್ನೂ ಹತ್ತಿರದಿಂದ ಬಲ್ಲವರು. ಸಭೆಯನ್ನು ಹೊರಗಿನವರು ಹೇಗೆ ಕಂಡರು ಎಂಬುದನ್ನು ಇಷ್ಟು ಸೂಕ್ಷ್ಮವಾಗಿ ಕಲಿಸುವ ಪಾಠ ಯಾವ ಸೆಮಿನರಿಯಲ್ಲೂ ಸಿಗದು.

ಭಾನುವಾರದ ಆರಾಧನೆಗೆ ಸಿಎಸ್‌ಐನಲ್ಲಿ ಗೊತ್ತಾದ ಕ್ರಮವಿದೆ. ಸ್ತುತಿಗೀತೆ, ತಪ್ಪೊಪ್ಪಿಗೆಯ ಪ್ರಾರ್ಥನೆ, ಹಳೆಯ ಮತ್ತು ಹೊಸ ಒಡಂಬಡಿಕೆಗಳ ಪಾಠ, ಪ್ರಸಂಗ, ವಿಶ್ವಾಸ ಪ್ರಮಾಣ, ಬಿನ್ನಹದ ಪ್ರಾರ್ಥನೆ, ಕಾಣಿಕೆ, ಆಶೀರ್ವಾದ. ಕರ್ತನ ರಾತ್ರಿ ಭೋಜನವಿರುವ ಭಾನುವಾರ ಇದಕ್ಕೆ ರೊಟ್ಟಿ ಮತ್ತು ದ್ರಾಕ್ಷಾರಸದ ಸಂಸ್ಕಾರ ಸೇರುತ್ತದೆ. ಇವ್ಯಾಂಜಲಿಕಲ್ ಸಭೆಯಲ್ಲಿ ಪ್ರಸಂಗದ ತೂಕ ಹೆಚ್ಚು. ಪಾಠವನ್ನು ಬಿಡಿಸಿ ಹೇಳಿ, ಅದು ಇಂದಿನ ಮನೆಗೆ ಏನು ಹೇಳುತ್ತದೆ ಎಂಬಲ್ಲಿಗೆ ತಂದು ನಿಲ್ಲಿಸಬೇಕೆಂಬುದು ಸಭಿಕರ ನಿರೀಕ್ಷೆ. ಅವರ ಮಡಿಲಲ್ಲಿ ಸತ್ಯವೇದ ತೆರೆದಿರುತ್ತದೆ, ವಚನ ತಪ್ಪಿದರೆ ಅವರಿಗೆ ಗೊತ್ತಾಗುತ್ತದೆ.

ಈ ಕ್ರಮದ ಒಂದು ಭಾಗ ಜಗತ್ತಿಗೇ ದಾರಿ ತೋರಿತು. ಸಿಎಸ್‌ಐನ ಭೋಜನ ಸಂಸ್ಕಾರದ ಕ್ರಮ 1950ರಲ್ಲಿ ಮೊದಲು ಬಳಕೆಗೆ ಬಂತು. ಸಭಾಪಾಲಕರು ಮೇಜಿನ ಹಿಂದೆ ಜನರಿಗೆ ಎದುರಾಗಿ ನಿಲ್ಲುವುದು, ಸಭಿಕರು ಒಬ್ಬರಿಂದ ಒಬ್ಬರಿಗೆ ಕೈ ಹಿಡಿದು ಸಮಾಧಾನವನ್ನು ದಾಟಿಸುವುದು ಅದರಲ್ಲಿದ್ದವು. ಕೈ ಹಿಡಿಯುವ ಈ ವಿಧಾನ ಕೇರಳದ ಸುರಿಯಾನಿ ಕ್ರೈಸ್ತರಿಂದ ಬಂದದ್ದು. ಪಶ್ಚಿಮದ ಸಭೆಗಳು ತಮ್ಮ ಆರಾಧನಾ ಕ್ರಮಗಳನ್ನು ತಿದ್ದಲು ಕುಳಿತಾಗ ಈ ದಕ್ಷಿಣ ಭಾರತದ ಮಾದರಿಯನ್ನು ಮುಂದಿಟ್ಟುಕೊಂಡವು. ಊರಿನಲ್ಲಿ ಕೂಲಿಗೆ ಹೋಗುವವರೂ ತೋಟದ ಮಾಲೀಕರೂ ಒಂದೇ ಸಾಲಿನಲ್ಲಿ ನಿಂತು ಕೈ ಹಿಡಿಯುವ ಈ ಗಳಿಗೆಯನ್ನು ತರಬೇತಿಯಲ್ಲಿರುವವರು ಅವಸರದಲ್ಲಿ ಮುಗಿಸಬಾರದು.

ಭಾನುವಾರ ವಾರದ ಒಂದು ದಿನ ಮಾತ್ರ. ಉಳಿದ ಆರು ದಿನ ಮನೆ ಭೇಟಿ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆ ರಾಜ್ಯದ ಅತಿ ಹೆಚ್ಚು ಮಳೆ ಬೀಳುವ ಊರುಗಳಲ್ಲೊಂದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಭೇಟಿಯ ವೇಳಾಪಟ್ಟಿಯನ್ನು ಮಳೆಯೇ ಬರೆಯುತ್ತದೆ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟು ಸಾಗರ, ಹೊಸನಗರ ಸೀಮೆಯ ಎಷ್ಟೋ ಊರುಗಳನ್ನು ಮುಳುಗಿಸಿ ಉಳಿದವನ್ನು ದೂರ ಮಾಡಿತು. ಸಿಗಂದೂರು ಕಡೆಯ ದ್ವೀಪದಂಥ ಊರುಗಳಿಗೆ ಲಾಂಚ್ ಹಿಡಿಯಬೇಕಿತ್ತು. 2025ರ ಜುಲೈನಲ್ಲಿ ಅಂಬಾರಗೋಡ್ಲು ಕಳಸವಳ್ಳಿ ಸೇತುವೆ ತೆರೆದ ಮೇಲೆ ಆ ದಾರಿ ಸುಲಭವಾಗಿದೆ. ಬೇಸಿಗೆಯಲ್ಲಿ ಕಾಡಂಚಿನ ಮನೆಗೆ ಹೋಗುವವರು ಮಂಗನ ಕಾಯಿಲೆಯ ಎಚ್ಚರ ಇಟ್ಟುಕೊಳ್ಳಬೇಕು; ನೆರೆಯ ಸೊರಬದ ಕ್ಯಾಸನೂರಿನಲ್ಲಿ 1957ರಲ್ಲಿ ಗುರುತಾದ ಈ ರೋಗ ಉಣುಗಿನಿಂದ ಹರಡುತ್ತದೆ. ಆರೋಗ್ಯ ಇಲಾಖೆಯವರು ಕೊಡುವ ಎಣ್ಣೆ ಸವರಿಕೊಂಡು ಹೊರಡುವುದು, ಸತ್ತ ಮಂಗ ಕಂಡರೆ ತಿಳಿಸುವುದು ಸಭಾಪಾಲಕರ ಕರ್ತವ್ಯವೂ ಹೌದು.

ಊರಿನ ಹಬ್ಬಗಳ ಪಂಚಾಂಗವೂ ತಿಳಿದಿರಬೇಕು. ಮೂರು ವರ್ಷಕ್ಕೊಮ್ಮೆ ಸಾಗರದ ಮಾರಿಕಾಂಬಾ ಜಾತ್ರೆ, ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆ, ಹುಂಚದ ಪದ್ಮಾವತಿ ಸನ್ನಿಧಿ, ಹೊಸನಗರದ ರಾಮಚಂದ್ರಾಪುರ ಮಠ, ವರದಪುರದ ಶ್ರೀಧರಾಶ್ರಮ ಇವೆಲ್ಲ ಸಭಿಕರ ನೆರೆಹೊರೆಯ ಬದುಕು. ಜಾತ್ರೆಯ ದಿನ ಬಸ್ ಸಿಗುವುದಿಲ್ಲ, ಅಡಿಕೆ ಕೊನೆ ಕೊಯ್ಲಿನ ತಿಂಗಳಲ್ಲಿ ಸಂಜೆಯ ಕೂಟಕ್ಕೆ ಜನ ಬರುವುದಿಲ್ಲ. ಇದನ್ನು ಅಶ್ರದ್ಧೆ ಎಂದುಕೊಳ್ಳುವವರು ಈ ನಾಡನ್ನು ಅರಿತಿಲ್ಲ. ಮತಾಂತರದ ಬಗ್ಗೆ ರಾಜ್ಯದಲ್ಲಿ 2022ರಲ್ಲಿ ಬಂದ ಕಾಯ್ದೆಯನ್ನೂ ಓದಿಕೊಂಡಿರಬೇಕು. ಕಾನೂನಿಗಿಂತ ಮುಖ್ಯವಾದದ್ದು ನೆರೆಯವರ ವಿಶ್ವಾಸ. ಕಷ್ಟದಲ್ಲಿರುವವರ ಬಡತನವನ್ನೋ ಕಾಯಿಲೆಯನ್ನೋ ಬಳಸಿಕೊಂಡು ಸಾರುವ ಸುವಾರ್ತೆ ಸುವಾರ್ತೆಯೇ ಅಲ್ಲ.

ತರಬೇತಿಯ ದಾರಿ ಊರಿನ ಸಭೆಯಿಂದಲೇ ಹೊರಡುತ್ತದೆ. ಅಭ್ಯರ್ಥಿಯನ್ನು ಬಲ್ಲ ಸಭೆ ಶಿಫಾರಸು ಮಾಡಬೇಕು, ಡಯಾಸಿಸ್, ಅಂದರೆ ಧರ್ಮಪ್ರಾಂತ್ಯ, ಸಂದರ್ಶಿಸಿ ಆರಿಸಬೇಕು. ಆಮೇಲೆ ಸೆರಾಂಪುರ ಸೆನೆಟ್ಟಿಗೆ ಸೇರಿದ ಕಾಲೇಜಿನಲ್ಲಿ ಬಿ.ಡಿ. ಪದವಿ, ಡೀಕನ್ ಆಗಿ ಸೇವೆ, ಕೊನೆಗೆ ಪ್ರೆಸ್ಬಿಟರ್ ದೀಕ್ಷೆ. 1818ರಲ್ಲಿ ವಿಲಿಯಂ ಕೇರಿ ಮತ್ತು ಸಂಗಡಿಗರು ಸ್ಥಾಪಿಸಿದ ಸೆರಾಂಪುರ ಕಾಲೇಜಿಗೆ 1827ರ ಡೆನ್ಮಾರ್ಕ್ ರಾಜನ ಸನದು ಪದವಿ ಕೊಡುವ ಅಧಿಕಾರ ತಂದಿತು. ಹೆಣ್ಣುಮಕ್ಕಳಿಗೂ ಈ ದಾರಿ ತೆರೆದಿದೆ: ಸಿಎಸ್‌ಐ 1976ರಲ್ಲೇ ಮಹಿಳೆಗೆ ದೀಕ್ಷೆ ಕೊಟ್ಟಿತು, 2013ರಲ್ಲಿ ಪುಷ್ಪಲಲಿತಾ ಅವರನ್ನು ಬಿಷಪರನ್ನಾಗಿಸಿತು.

ಕನ್ನಡದಲ್ಲಿ ಬೋಧಿಸಬಯಸುವವರಿಗೆ ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜು ಹತ್ತಿರದ ಮನೆ. 1847ರ ಬಾಸೆಲ್ ಮಿಷನ್ ಸೆಮಿನರಿಯ ವಾರಸಿಕೆ ಅದರದು. ಈಗಿನ ರೂಪ ಬಂದದ್ದು 1965ರಲ್ಲಿ. ಆ ಸೆಮಿನರಿ ಹುಟ್ಟಿದ ಕಾಲದಲ್ಲೇ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ದಾಸರ ಪದಗಳನ್ನೂ ಜೈಮಿನಿ ಭಾರತವನ್ನೂ ಅಚ್ಚು ಹಾಕಿಸಿದರು. ಅದೇ ಮಿಷನ್ನಿನ ಫರ್ಡಿನಂಡ್ ಕಿಟೆಲ್ 1862ರಲ್ಲಿ ಕ್ರಿಸ್ತನ ಚರಿತೆಯನ್ನು ‘ಕಥಾಮಾಲೆ’ ಎಂದು ಕನ್ನಡದ ಛಂದಸ್ಸಿನಲ್ಲಿ ಹಾಡಿಗೆ ಹೊಂದಿಸಿ ಬರೆದರು. ಅವರ ನಿಘಂಟು 1894ರಲ್ಲಿ ಬಂತು. ಗಮಕ ಕೇಳಿ ಬೆಳೆದ ಕಿವಿಗಳಿಗೆ ಸುವಾರ್ತೆ ಯಾವ ಲಯದಲ್ಲಿ ತಲುಪೀತೆಂದು ಕಿಟೆಲ್ ಅಂದೇ ಯೋಚಿಸಿದ್ದರು. ಇಂದಿನ ಅನೇಕ ಪ್ರಸಂಗಗಳು ಪರದೇಶದ ಟಿ.ವಿ. ಬೋಧಕರ ಧಾಟಿಯನ್ನು ಹಿಡಿದಿರುವುದು ಆ ಶ್ರಮಕ್ಕೆ ಸಲ್ಲುವ ಗೌರವವಲ್ಲ.

ಮಲೆನಾಡಿನ ಸಣ್ಣ ಸಭೆಗೆ ಬೇಕಾದದ್ದು ನಂಬಿಕೆಯಲ್ಲಿ ಗಟ್ಟಿಯಾದ, ಕನ್ನಡದಲ್ಲಿ ನುರಿತ, ನೆರೆಯವರ ನಂಬಿಕೆಯನ್ನು ಗೌರವದಿಂದ ತಿಳಿದ ಸಭಾಪಾಲಕರು. ಈ ಮೂರರಲ್ಲಿ ಮೊದಲನೆಯದು ಕರೆಯಿಂದ ಬರುತ್ತದೆ, ಉಳಿದೆರಡು ಕಲಿಕೆಯಿಂದ. ಸೇವೆಗೆ ಮನಸ್ಸು ಮಾಡಿದವರು ಅರ್ಜಿ ತುಂಬುವ ಮೊದಲು ಒಂದು ಮಳೆಗಾಲ ಇಲ್ಲಿ ಇದ್ದು, ಮನೆಮನೆ ನಡೆದು, ಹಿರಿಯರ ಮಾತಿಗೆ ಕಿವಿಗೊಟ್ಟು ಹೋಗಲಿ. ಕಾಲೇಜಿನಲ್ಲಿ ಕೇಳಬೇಕಾದ ಪ್ರಶ್ನೆಗಳು ಅವರಿಗೆ ಅಷ್ಟರೊಳಗೆ ಸಿಕ್ಕಿರುತ್ತವೆ.