ಗೆಲಾಕ್ಸಿಯ ವಿದ್ಯುತ್ತು, ಮನೆಯ ದಿಕ್ಸೂಚಿ

ವಿದ್ಯುತ್ತು ಎಂದೊಡನೆ ಮಲಪ್ರಭೆಯ ಸೀಮೆಯವರಾದ ನಮಗೆ ಎರಡು ಚಿತ್ರಗಳು ಕಣ್ಮುಂದೆ ನಿಲ್ಲುತ್ತವೆ. ಒಂದು, ಹೊಲದ ಪಂಪಿಗೆ ಕರೆಂಟು ಬರುವ ಹೊತ್ತನ್ನು ಕಾಯುತ್ತ ಕುಳಿತ ರೈತನದು. ಇನ್ನೊಂದು, ವೈಶಾಖದ ಇಳಿಹೊತ್ತಿನಲ್ಲಿ ಸವದತ್ತಿಯ ಗುಡ್ಡಗಳ ಮೇಲೆ ಕವಿದ ಮೋಡದಿಂದ ಎರಗುವ ಸಿಡಿಲಿನದು. ಐದು ಅಶ್ವಶಕ್ತಿಯ ಮೂರು ಫೇಸಿನ ಪಂಪು ಓಡುವಾಗ ಅದರ ತಂತಿಯಲ್ಲಿ ಹರಿಯುವ ಪ್ರವಾಹ ಸುಮಾರು 7 ಆಂಪಿಯರ್. ಸಾಧಾರಣ ಸಿಡಿಲಿನಲ್ಲಿ ಕ್ಷಣಮಾತ್ರ ಹರಿಯುವುದು ಸುಮಾರು 30,000 ಆಂಪಿಯರ್. ಇದಕ್ಕಿಂತ ದೊಡ್ಡ ಪ್ರವಾಹವನ್ನು ಕಲ್ಪಿಸಿಕೊಳ್ಳುವ ಪ್ರಸಂಗ ನಮಗೆ ಬರುವುದೇ ಇಲ್ಲ.

ಆದರೆ 2011ರಲ್ಲಿ ಫಿಲಿಪ್ ಕ್ರೋನ್‌ಬರ್ಗ್ ಮತ್ತು ಅವರ ಸಂಗಡಿಗ ವಿಜ್ಞಾನಿಗಳು ಒಂದು ದೂರದ ಗೆಲಾಕ್ಸಿಯಿಂದ ಚಿಮ್ಮುವ ಧಾರೆಯಲ್ಲಿ ಹರಿಯುವ ಪ್ರವಾಹವನ್ನು ಲೆಕ್ಕ ಹಾಕಿ ಪ್ರಕಟಿಸಿದರು. ಅದು ಒಂದರ ಮುಂದೆ ಹದಿನೆಂಟು ಸೊನ್ನೆ ಬರೆದಷ್ಟು ಆಂಪಿಯರ್! ಸುಮಾರು 33 ಲಕ್ಷ ಕೋಟಿ ಸಿಡಿಲುಗಳನ್ನು ಒಂದೇ ಕ್ಷಣದಲ್ಲಿ ಕೂಡಿಸಿದರೆ ಆಗುವ ಮೊತ್ತವಿದು. ಈ ಸಂಖ್ಯೆಯನ್ನು ಕೇಳಿ ಬೆರಗಾಗುವುದು ಸಹಜ. ಆದರೆ ಬೆರಗಿನಲ್ಲಿಯೇ ನಿಂತುಬಿಡುವುದು ಸಲ್ಲದು. ‘ಅಲ್ಲಿಗೆ ಹೋದವರಾರು? ತಂತಿ ಹಚ್ಚಿ ಅಳೆದವರಾರು?’ ಎಂದು ಮನೆಯ ಮಗುವೊಂದು ಕೇಳಿದರೆ ನಾವು ಏನು ಹೇಳಬೇಕು? ಈ ಪ್ರಶ್ನೆಗೆ ಉತ್ತರ ಕೊಡುವುದೇ ಈ ಲೇಖನದ ಉದ್ದೇಶ.

ಧಾರೆ ಎಂದರೇನು?

ನಮ್ಮ ಸೂರ್ಯನಂಥ ಕೋಟ್ಯಂತರ ನಕ್ಷತ್ರಗಳ ಸಮೂಹಕ್ಕೆ ಗೆಲಾಕ್ಸಿ ಎಂದು ಹೆಸರು. ಅನೇಕ ಗೆಲಾಕ್ಸಿಗಳ ನಡುವೆ ಒಂದು ಬೃಹತ್ ಕಪ್ಪುಕುಳಿ ಇರುತ್ತದೆ. ಅದರ ಸುತ್ತ ಸುಳಿಯಾಗಿ ತಿರುಗುವ ಅನಿಲವು ಒಳಕ್ಕೆ ಬೀಳುವಾಗ ಎಲ್ಲವೂ ಕುಳಿಯ ಪಾಲಾಗುವುದಿಲ್ಲ. ಕಾಂತಕ್ಷೇತ್ರದ ಎಳೆಗಳು ಹಗ್ಗದಂತೆ ಹುರಿಗೊಂಡು, ಒಂದಂಶವನ್ನು ಎರಡು ವಿರುದ್ಧ ದಿಕ್ಕುಗಳಿಗೆ ಅಪಾರ ವೇಗದಿಂದ ಹೊರಕ್ಕೆ ತಳ್ಳುತ್ತವೆ ಎಂದು ವಿಜ್ಞಾನಿಗಳು ಭಾವಿಸುತ್ತಾರೆ. ನವಿಲುತೀರ್ಥದ ಜಲಾಶಯದ ಬಾಗಿಲು ತೆರೆದಾಗ ನೀರು ಚಿಮ್ಮುವಂತೆ ಹೊರಬೀಳುವ ಈ ಧಾರೆಗೆ ಜೆಟ್ ಎನ್ನುತ್ತಾರೆ. 1918ರಲ್ಲಿ ಅಮೆರಿಕೆಯ ಹೆಬರ್ ಕರ್ಟಿಸ್ ಅವರು ಎಂ87 ಎಂಬ ಗೆಲಾಕ್ಸಿಯಿಂದ ಹೊರಟ ನೇರವಾದ ಒಂದು ಕಿರಣವನ್ನು ಗುರುತಿಸಿದರು. ಅದು ಇಂಥದೇ ಧಾರೆಯೆಂದು ತಿಳಿದದ್ದು ಬಹುಕಾಲದ ಮೇಲೆ. ಆ ಗೆಲಾಕ್ಸಿಯ ಒಡಲಲ್ಲಿರುವ ಕಪ್ಪುಕುಳಿಯ ಚಿತ್ರ 2019ರಲ್ಲಿ ಲೋಕಕ್ಕೆ ದೊರೆಯಿತು.

ಪ್ರವಾಹವನ್ನು ಲೆಕ್ಕ ಹಾಕಿದ ಗೆಲಾಕ್ಸಿಯ ಹೆಸರು 3ಸಿ 303. ಕೇಂಬ್ರಿಜ್‌ನ ಮೂರನೆಯ ರೇಡಿಯೋ ಪಟ್ಟಿಯಲ್ಲಿ ಅದರದು 303ನೆಯ ಕ್ರಮಾಂಕ. ಸಪ್ತರ್ಷಿಮಂಡಲದ ಬಾಲದ ತುದಿಯಲ್ಲಿರುವ ಮರೀಚಿ ನಕ್ಷತ್ರದಿಂದ ತುಸು ಪೂರ್ವಕ್ಕೆ, ಸ್ವಾತಿ ನಕ್ಷತ್ರವಿರುವ ಪುಂಜದ ಉತ್ತರ ಭಾಗದಲ್ಲಿ ಅದರ ನೆಲೆ. ಕಿತ್ತೂರಿನ ಅರಮನೆಯ ಅವಶೇಷಗಳಲ್ಲಿ ಗೋಡೆಯ ಕೊಳವೆಯ ಮೂಲಕ ಧ್ರುವನಕ್ಷತ್ರವನ್ನು ನೋಡುವ ವ್ಯವಸ್ಥೆಯನ್ನು ಇಂದಿಗೂ ತೋರಿಸುತ್ತಾರೆ. ಮೇ ತಿಂಗಳ ಕೊನೆಯ ರಾತ್ರಿಗಳಲ್ಲಿ ಅದೇ ಉತ್ತರದ ಆಕಾಶದಲ್ಲಿ, ಧ್ರುವನಿಗಿಂತ ಬಹಳ ಮೇಲಕ್ಕೆ, ಈ ಗೆಲಾಕ್ಸಿಯು ಏರಿರುತ್ತದೆ. ಬರಿಗಣ್ಣಿಗೆ ಅದು ಕಾಣದು. ಅದರ ಬೆಳಕು ನಮ್ಮನ್ನು ಮುಟ್ಟಲು ಸುಮಾರು 200 ಕೋಟಿ ವರ್ಷ ಬೇಕು.

ಹೊಗೆಯೂ ಬೆಂಕಿಯೂ

ಮಠದ ಪಾಠಶಾಲೆಯಲ್ಲಿ ತರ್ಕವನ್ನು ಓದಿದ ನಮಗೆ ಮೊದಲು ಕಲಿಸಿದ ಉದಾಹರಣೆ ಬೆಟ್ಟದ ಹೊಗೆ. ಹೊಗೆ ಕಂಡರೆ ಬೆಂಕಿ ಇದೆಯೆಂದು ತಿಳಿಯಬೇಕು. ಏಕೆಂದರೆ ಅಡುಗೆಮನೆಯಲ್ಲಿ ಅವೆರಡರ ಸಂಬಂಧವನ್ನು ನಾವು ಕಂಡಿದ್ದೇವೆ. ಇದಕ್ಕೆ ಅನುಮಾನ ಪ್ರಮಾಣವೆಂದು ಹೆಸರು. ಖಗೋಳ ವಿಜ್ಞಾನಿಗಳು ಮಾಡಿದ್ದು ಇದನ್ನೇ.

ಅವರ ಅಡುಗೆಮನೆ ಯಾವುದು? 1820ರಲ್ಲಿ ಡೆನ್ಮಾರ್ಕಿನ ಅರ್ಸ್ಟೆಡ್ ಎಂಬ ಪ್ರಾಧ್ಯಾಪಕರು ವಿದ್ಯುತ್ತು ಹರಿಯುವ ತಂತಿಯ ಬಳಿ ದಿಕ್ಸೂಚಿಯನ್ನು ಇಟ್ಟಾಗ ಅದರ ಮುಳ್ಳು ತಿರುಗಿತು. ಪ್ರವಾಹವಿರುವಲ್ಲಿ ತಂತಿಯನ್ನು ಬಳಸಿ ಸುತ್ತುವ ಕಾಂತಕ್ಷೇತ್ರ ಇದ್ದೇ ಇರುತ್ತದೆ ಎಂಬುದು ಇದರಿಂದ ತಿಳಿಯಿತು. ಆ ಕ್ಷೇತ್ರದ ಬಲವನ್ನೂ ಅದು ಸುತ್ತುವ ವೃತ್ತದ ಅಗಲವನ್ನೂ ಬಲ್ಲೆವಾದರೆ, ನಡುವೆ ಹರಿಯುವ ಪ್ರವಾಹವನ್ನು ಲೆಕ್ಕ ಹಾಕಬಹುದು. ಫ್ರಾನ್ಸಿನ ಆಂಪಿಯರ್ ತೋರಿಸಿದ ನಿಯಮವಿದು.

ಆದರೆ ಗೆಲಾಕ್ಸಿಯ ಬಳಿ ದಿಕ್ಸೂಚಿಯನ್ನು ಇಡುವವರಾರು? ಅದಕ್ಕೆ ಎರಡನೆಯ ಸೂತ್ರ ಬೇಕು. 1845ರಲ್ಲಿ ಇಂಗ್ಲೆಂಡಿನ ಮೈಕೇಲ್ ಫ್ಯಾರಡೆ ಅವರು ಅದನ್ನು ಕಂಡುಹಿಡಿದರು. ಹಗ್ಗವನ್ನು ಮೇಲೆ ಕೆಳಗೆ ಆಡಿಸಬಹುದು, ಎಡಕ್ಕೆ ಬಲಕ್ಕೂ ಆಡಿಸಬಹುದು. ಬೆಳಕಿನ ಅಲೆಗಳಿಗೂ ಹೀಗೆ ಆಡುವ ಒಂದು ದಿಕ್ಕು ಉಂಟು. ಕಾಂತಕ್ಷೇತ್ರದೊಳಗಿನ ಗಾಜಿನಲ್ಲಿ ಬೆಳಕು ಹಾಯುವಾಗ ಆ ದಿಕ್ಕು ತುಸು ತಿರುಗುವುದನ್ನು ಫ್ಯಾರಡೆ ಕಂಡರು. ಆಕಾಶದಲ್ಲಿ ವಿದ್ಯುತ್ ಕಣಗಳಿರುವ ತೆಳುವಾದ ಅನಿಲವು ಆ ಗಾಜಿನ ಕೆಲಸ ಮಾಡುತ್ತದೆ. ಧಾರೆಯಿಂದ ಹೊರಟ ರೇಡಿಯೋ ಅಲೆಗಳೂ ಹೀಗೆಯೇ ತಿರುಗುತ್ತವೆ. ಕ್ಷೇತ್ರವು ನಮ್ಮತ್ತ ಮುಖ ಮಾಡಿದ್ದರೆ ಒಂದು ಕಡೆಗೆ, ನಮ್ಮಿಂದ ಆಚೆಗೆ ಮುಖ ಮಾಡಿದ್ದರೆ ಇನ್ನೊಂದು ಕಡೆಗೆ.

ಈಗ ನಮ್ಮ ಕಣದಲ್ಲಿ ಮೇಟಿಯ ಸುತ್ತ ತಿರುಗುತ್ತಿದ್ದ ಎತ್ತುಗಳನ್ನು ನೆನೆಯಿರಿ. ಬದಿಯಲ್ಲಿ ನಿಂತು ನೋಡುವವನಿಗೆ ಎತ್ತು ಒಂದು ಪಕ್ಕದಲ್ಲಿ ತನ್ನತ್ತ ಬರುವಂತೆ, ಇನ್ನೊಂದು ಪಕ್ಕದಲ್ಲಿ ಆಚೆಗೆ ಹೋಗುವಂತೆ ಕಾಣುತ್ತದೆ. ಧಾರೆಯನ್ನು ಬಳಸಿ ಸುತ್ತುವ ಕಾಂತಕ್ಷೇತ್ರವೂ ಹಾಗೆಯೇ. ಆದುದರಿಂದ ಧಾರೆಯ ಎರಡು ಪಕ್ಕಗಳಲ್ಲಿ ಅಲೆಗಳು ವಿರುದ್ಧವಾಗಿ ತಿರುಗಬೇಕು. ಅಮೆರಿಕೆಯ ನ್ಯೂ ಮೆಕ್ಸಿಕೋದಲ್ಲಿರುವ 27 ಬಟ್ಟಲುಗಳ ರೇಡಿಯೋ ದೂರದರ್ಶಕವು 3ಸಿ 303ರ ಧಾರೆಯ ಒಂದು ಗಂಟಿನಲ್ಲಿ ಈ ವ್ಯತ್ಯಾಸವನ್ನು ತೋರಿಸಿಕೊಟ್ಟಿತು. ತಿರುಗುವಿಕೆಯೇ ಹೊಗೆ, ಪ್ರವಾಹವೇ ಬೆಂಕಿ.

ಬೆಟ್ಟದ ಮೇಲಿನ ಮಂಜನ್ನು ಹೊಗೆಯೆಂದು ಭ್ರಮಿಸುವ ಅಪಾಯವನ್ನೂ ತರ್ಕಶಾಸ್ತ್ರ ಬಲ್ಲದು. ಇಲ್ಲಿಯೂ ಅದು ಉಂಟು. ನಡುವೆ ಇರುವ ನಮ್ಮ ಆಕಾಶಗಂಗೆಯ ಅನಿಲವೂ ಅಲೆಗಳನ್ನು ತಿರುಗಿಸುತ್ತದೆ. ಅದರ ಪಾಲನ್ನು ಕಳೆದ ಮೇಲೆಯೇ ಉಳಿದುದು ಧಾರೆಯ ಲೆಕ್ಕಕ್ಕೆ ಸೇರುತ್ತದೆ. ಹೀಗಾಗಿ ಹೇಳಿದ ಸಂಖ್ಯೆ ಒಂದು ಅಂದಾಜು, ಕೊನೆಯ ಅಂಕೆಯವರೆಗೆ ತೂಗಿದ್ದಲ್ಲ. ಇನ್ನೊಂದು ಮಾತು. ಆ ಕಾಂತಕ್ಷೇತ್ರದ ಬಲ ದೊಡ್ಡದೇನೂ ಅಲ್ಲ. ನಮ್ಮ ದಿಕ್ಸೂಚಿಯನ್ನು ತಿರುಗಿಸುವ ಭೂಮಿಯ ಕ್ಷೇತ್ರಕ್ಕಿಂತ ಅದು ಸಾವಿರಾರು ಪಟ್ಟು ದುರ್ಬಲ. ಸಾವಿರಾರು ಜ್ಯೋತಿರ್ವರ್ಷಗಳ ಅಗಲಕ್ಕೆ ಅದು ಹರಡಿರುವುದರಿಂದಲೇ ಪ್ರವಾಹದ ಮೊತ್ತ ಅಷ್ಟಾಗುತ್ತದೆ.

ನಮ್ಮ ಮಕ್ಕಳಿಗೆ

ಇಂಥ ಸುದ್ದಿಗಳನ್ನು ಹಿಡಿದುಕೊಂಡು ‘ವಿಶ್ವಶಕ್ತಿ’ಯ ಉಂಗುರ, ರೋಗ ಕಳೆಯುವ ಅಯಸ್ಕಾಂತದ ಕಂಕಣ ಮಾರಲು ಬರುವವರೂ ಇದ್ದಾರೆ. ಅಷ್ಟು ದೂರದ ಧಾರೆ ನಮ್ಮ ಮೈಯ ನೋವನ್ನು ಹೆಚ್ಚಿಸದು, ತಗ್ಗಿಸದು. ನಾವು ಅಂಜಬೇಕಾದದ್ದು ತಲೆಯ ಮೇಲಿನ ಸಿಡಿಲಿಗೆ. ಗುಡುಗು ಕೇಳಿದಾಗ ಹೊಲದ ಒಂಟಿ ಮರದ ಕೆಳಗೆ ನಿಲ್ಲದೆ ಗಟ್ಟಿ ಮನೆಯೊಳಗೆ ಸೇರಬೇಕೆಂಬುದನ್ನು ಮಕ್ಕಳಿಗೆ ಕಲಿಸುವುದು ಎಲ್ಲ ಕಂಕಣಗಳಿಗಿಂತ ಮೇಲು. ಮಾರಾಟಗಾರನಿಗೂ ವಿಜ್ಞಾನಿಗೂ ಕೇಳಬೇಕಾದ ಪ್ರಶ್ನೆ ಒಂದೇ: ‘ಇದು ನಿಮಗೆ ಹೇಗೆ ಗೊತ್ತಾಯಿತು?’ ಉತ್ತರ ಕೊಡಬಲ್ಲವನ ಮಾತಿಗೆ ಕಿವಿಗೊಡೋಣ.

ಈ ವಿದ್ಯೆ ಪರದೇಶದವರ ಸೊತ್ತೆಂದು ತಿಳಿಯಬಾರದು. ಕಿತ್ತೂರಿನ ಬದಿಗೆ ಹಾಯುವ ಹೆದ್ದಾರಿಯನ್ನು ಹಿಡಿದು ಪುಣೆಗೆ ಹೋಗಿ, ಅಲ್ಲಿಂದ ಇನ್ನೂ ಉತ್ತರಕ್ಕೆ ಸಾಗಿದರೆ ಖೊಡದ ಎಂಬ ಹಳ್ಳಿ. ಗೋವಿಂದ ಸ್ವರೂಪ್ ಅವರ ಮುಂದಾಳುತನದಲ್ಲಿ ಕಟ್ಟಿದ, ತಲಾ 45 ಮೀಟರ್ ಅಗಲದ 30 ಬಟ್ಟಲುಗಳ ರೇಡಿಯೋ ದೂರದರ್ಶಕ ಆ ಸುತ್ತಿನಲ್ಲಿದೆ. 2024ರಲ್ಲಿ ಸುದ್ದಿಯಾದ, ಸುಮಾರು 230 ಲಕ್ಷ ಜ್ಯೋತಿರ್ವರ್ಷ ಉದ್ದದ ಜೋಡಿ ಧಾರೆಗಳ ಮೂಲವನ್ನು ಹುಡುಕುವಲ್ಲಿ ಅದು ನೆರವಾಯಿತು. ಅದೇ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಬೆಂಗಳೂರಿನ ಕಡೆ ಹೋದರೆ ಗೌರಿಬಿದನೂರಿನ ವೀಕ್ಷಣಾಲಯವಿದೆ. ರಾಮನ್ ಸಂಶೋಧನಾ ಸಂಸ್ಥೆಯೂ ಭಾರತೀಯ ಖಭೌತ ಸಂಸ್ಥೆಯೂ ಕೂಡಿ 1970ರ ದಶಕದಲ್ಲಿ ಅದನ್ನು ಕಟ್ಟಿದವು. ಅಲ್ಲಿ ದುಡಿದವರೂ ನಮ್ಮ ನಿಮ್ಮ ಮಕ್ಕಳಂತೆ ಶಾಲೆಯ ಬೆಂಚಿನಿಂದ ಎದ್ದು ಹೋದವರೇ.

ಬೈಲಹೊಂಗಲವಿರಲಿ, ರಾಮದುರ್ಗವಿರಲಿ, ಮಗ ಮಗಳು ವೈದ್ಯರೋ ಎಂಜಿನಿಯರೋ ಆಗಲೆಂದು ಹಂಬಲಿಸುವ ತಂದೆತಾಯಿಗಳಲ್ಲಿ ನಮ್ಮದೊಂದು ವಿನಂತಿ. ಒಂದು ಬ್ಯಾಟರಿ ಸೆಲ್ಲು, ಮೊಳ ಉದ್ದದ ತಂತಿ, ಒಂದು ಸಣ್ಣ ದಿಕ್ಸೂಚಿ ತಂದುಕೊಡಿರಿ. ತಂತಿಯ ತುದಿಗಳನ್ನು ಸೆಲ್ಲಿಗೆ ಕ್ಷಣಕಾಲ ಮಾತ್ರ ಮುಟ್ಟಿಸಿ ತೆಗೆಯಲಿ, ಹೆಚ್ಚು ಹೊತ್ತು ಹಿಡಿದರೆ ತಂತಿ ಕಾಯುತ್ತದೆ. ಮುಳ್ಳು ತಿರುಗಿದಾಗ ಮಗುವಿಗೆ ಹೇಳಿರಿ: ಇದೇ ನಿಯಮದಿಂದ ಮನುಷ್ಯನು 200 ಕೋಟಿ ಜ್ಯೋತಿರ್ವರ್ಷಗಳಾಚೆಯ ಪ್ರವಾಹವನ್ನು ಅಳೆದನು ಎಂದು. ಅನಂತರ ಮಗು ಕೇಳುವ ಪ್ರಶ್ನೆಗಳನ್ನು ತಡೆಯದಿರೋಣ.